ಗ್ಯಾಸ್ಟ್ರಿಕ್ ಬ್ಯಾಂಡ್ ಇನ್ನೂ ಬಿಗಿ ಮಾಡಿಸ್ಕೊಳ್ಳಲಾ, ಬೇಡ್ವಾ? ನರ್ಸ್ ಅರ್ಧ ಎಂಎಲ್ ಹಾಕೋಣ ಅಂತಿದಾರೆ

ಹಾಸನದ_ಕಾವೇರಿ (ಮೆಲ್ಬರ್ನ್)

ಎಲ್ಲರಿಗೂ ನಮಸ್ಕಾರ. ತೂಕದ ಆಪರೇಶನ್ ಮಾಡಿಸ್ಕೊಂಡವರು ಇಲ್ಲಿ ಕೆಲವರಾದ್ರೂ ಇದೀರಿ ಅಂತ ಹಳೇ ಪೋಸ್ಟ್‌ಗಳಲ್ಲಿ ನೋಡಿದೆ, ಅದಕ್ಕೇ ಕೇಳ್ತಿದೀನಿ.

ನಂಗೆ 2013ರಲ್ಲಿ ಇಲ್ಲೇ ಮೆಲ್ಬರ್ನ್‌ನಲ್ಲಿ ಊಟ ಕಮ್ಮಿ ಆಗ್ಲಿ ಅಂತ ಜಠರಕ್ಕೆ ಬ್ಯಾಂಡ್ ಹಾಕಿದ್ರು. ಆಗ 114 ಕೆಜಿ ಇದ್ದೆ, ಶುಗರ್ ಆಗಷ್ಟೇ ಶುರುವಾಗಿತ್ತು. ಮೊದಲೆರಡು ವರ್ಷ ಚೆನ್ನಾಗಿ ಇಳೀತು, 82ಕ್ಕೆ ಬಂದೆ, ಶುಗರ್ ಮಾತ್ರೆನೂ ನಿಲ್ತು. ಈಗ ನಿಧಾನಕ್ಕೆ ಏರಿ ಮತ್ತೆ 91. ನಂದು 10 ಎಂಎಲ್ ಸಲೈನ್ (ಉಪ್ಪುನೀರು) ಹಿಡಿಯೋ ಬ್ಯಾಂಡ್, ತುಂಬಿದಷ್ಟೂ ಬಿಗಿಯಾಗುತ್ತೆ, ಒಳಗೆ ಸದ್ಯ 6.5 ಇದೆ. ಹೋದ ವಾರ ಚೆಕಪ್‌ಗೆ ಹೋದಾಗ ನರ್ಸ್ ತೂಕ ನೋಡಿ "ಇನ್ನರ್ಧ ಎಂಎಲ್ ಹಾಕೋಣ್ವಾ?" ಅಂದ್ರು. ಯೋಚ್ನೆ ಮಾಡಿ ಹೇಳ್ತೀನಿ ಅಂತ ಬಂದೆ.

ವಿಷಯ ಏನಂದ್ರೆ, ಬೆಳಿಗ್ಗೆ ಹನ್ನೊಂದಕ್ಕೆಲ್ಲ ಹೊಟ್ಟೆ ಹಸಿಯುತ್ತೆ. ಆದ್ರೆ ಊಟಕ್ಕೆ ಕೂತ್ರೆ ಚಪಾತಿ ಎರಡನೇ ತುತ್ತಿಗೇ ಎದೇಲಿ ನಿಂತುಬಿಡುತ್ತೆ. ಬಾಯ್ತುಂಬ ನೊರೆ ನೊರೆ ಜೊಲ್ಲು. ಸಿಂಕಿಗೆ ಹೋಗಿ ಉಗಿದ ಮೇಲೇ ಸಮಾಧಾನ. ಅನ್ನನೂ ಹಾಗೇ. ಕಾಫಿಗೆ ಅದ್ದಿದ ಬಿಸ್ಕೆಟ್, ಪಾಯಸ, ಐಸ್‌ಕ್ರೀಂ ಮಾತ್ರ ಸಲೀಸಾಗಿ ಇಳಿಯುತ್ತೆ. ರಾತ್ರಿ ಮಲಗಿದ ಮೇಲೆ ಕೆಮ್ಮು, ಕೆಲವು ಸಲ ಗಂಟಲಿಗೆ ಹುಳಿ ನುಗ್ಗಿ ಎದ್ದು ಕೂರ್ತೀನಿ.

ಹಸಿವಾಗುತ್ತೆ ಅಂದ್ರೆ ಬ್ಯಾಂಡ್ ಸಡಿಲ ಇದೆ ಅಂತ ತಾನೆ? ಹಾಗಿದ್ರೆ ಊಟ ಯಾಕೆ ಸಿಕ್ಕಾಕ್ಕೊಳ್ಳುತ್ತೆ? ನಮ್ಮೆಜಮಾನ್ರು ಬೇಡ ಅಂತಾರೆ. ಅಮ್ಮ ಫೋನಲ್ಲಿ "ತೆಗೆಸಿ ಬಿಸಾಕು ಅದನ್ನ" ಅಂತಾಳೆ. ಅನುಭವ ಇರೋರು ಹೇಳಿ ಪ್ಲೀಸ್.

ಬೆಳಗೊಳ_ರವಿ

ಹಾಕಿಸ್ಕೊಳಿ ಮೇಡಂ. ಬಿಗಿ ಸಡಿಲ ಮಾಡೋಕೇ ಅಲ್ವಾ ಆ ಬ್ಯಾಂಡ್ ಇರೋದು? ತೂಕ 9 ಕೆಜಿ ಏರಿದೆ, ಇನ್ನೇನು ಕಾಯ್ತಿದೀರ.

ಶೈಲಜಾ_ಎಚ್ಚೆನ್

ರವಿಯವರೇ, ರಾತ್ರಿ ಕೆಮ್ಮು ಅಂತ ಬರೆದಿದ್ದಾರೆ. ಗಂಟಲಿಗೆ ಹುಳಿ ಬರುತ್ತೆ ಅಂತ ಬರೆದಿದ್ದಾರೆ. ಅದನ್ನ ಓದಿದ ಮೇಲೂ ಬಿಗಿ ಮಾಡಿಸಿ ಅಂತೀರಲ್ಲ!

ಬೆಳಗೊಳ_ರವಿ

ಅಸಿಡಿಟಿ ಯಾರಿಗಿಲ್ಲ ಹೇಳಿ. ಒಂದು ಮಾತ್ರೆ ನುಂಗಿದ್ರೆ ಆಯ್ತು. ನಮ್ಮ ಭಾವನಿಗೂ ಬ್ಯಾಂಡ್ ಇದೆ, ಟೆಕ್ಸಾಸ್‌ನಲ್ಲಿ ಹಾಕಿಸಿದ್ದು, ಫಿಲ್ (ಸಲೈನ್ ತುಂಬೋದು) ಆದಾಗೆಲ್ಲ ತೂಕ ಇಳೀತು.

ಕುಡ್ಲದ_ಸಿಸ್ಟರ್ (ಬರ್ಮಿಂಗ್‌ಹ್ಯಾಮ್)

ಕಾವೇರಿಯವರೇ, ನಾನು ಇಲ್ಲಿ ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಶನ್‌ನ) ಕ್ಲಿನಿಕ್‌ನಲ್ಲಿ ನರ್ಸ್. ಬ್ಯಾಂಡ್ ಫಿಲ್ ಮಾಡುವುದೇ ನನ್ನ ಕೆಲಸದ ಒಂದು ಭಾಗ. ನಿಮ್ಮ ಹೊಟ್ಟೆಯನ್ನು ನಾನು ನೋಡಿಲ್ಲ, ಹಾಗಾಗಿ ಕೊನೆಯ ಮಾತು ನಿಮ್ಮ ಸರ್ಜನ್‌ದು. ಆದರೆ ನೀವು ಬರೆದದ್ದನ್ನು ಯಾರಾದರೂ ನನ್ನ ಎದುರು ಕೂತು ಹೇಳಿದರೆ ನಾನು ಸೂಜಿ ಹಿಡಿದು ಒಳಗೆ ಹಾಕುವುದಿಲ್ಲ ಮಾರಾಯ್ರೆ. ಇದ್ದ ಸಲೈನ್ ತೆಗೆಯುವ ಬಗ್ಗೆ ಮಾತಾಡ್ತೇನೆ.

ನಿಮ್ಮ ಮೆಲ್ಬರ್ನ್‌ನ ಸರ್ಜನ್ ಪಾಲ್ ಓಬ್ರಿಯನ್ ಮತ್ತು ಅವರ ತಂಡ ಹಳದಿ, ಹಸಿರು, ಕೆಂಪು ಅಂತ ಮೂರು ವಲಯ ಮಾಡಿ ಹೇಳ್ತಿದ್ದರು. ನಾವು ಈಗಲೂ ಅದೇ ಚಾರ್ಟ್ ಗೋಡೆಗೆ ಹಾಕಿದ್ದೇವೆ. ಬೇಗ ಹಸಿವು, ತಟ್ಟೆ ತುಂಬ ತಿಂದರೂ ಏನೂ ಅಡ್ಡಿ ಇಲ್ಲ, ಊಟದ ನಡುವೆ ಏನಾದರೂ ಹುಡುಕುವುದು, ಇದು ಹಳದಿ, ಆಗ ಸ್ವಲ್ಪ ಹಾಕಬಹುದು. ಸಣ್ಣ ಊಟಕ್ಕೆ ತೃಪ್ತಿ ಆಗಿ ಹೊತ್ತು ಹೋದರೆ ಹಸಿರು, ಮುಟ್ಟಬಾರದು. ನುಂಗಲು ಕಷ್ಟ, ವಾಪಸ್ ಬರುವುದು, ಎದೆ ಉರಿ, ರಾತ್ರಿ ಕೆಮ್ಮು, ಗಟ್ಟಿ ಊಟ ಬಿಟ್ಟು ಮೆತ್ತಗಿನದ್ದು ಸಿಹಿಯದ್ದು ಮಾತ್ರ ತಿನ್ನುವುದು, ಇದು ಕೆಂಪು. ಅಲ್ಲಿ ಸಲೈನ್ ತೆಗೆಯಬೇಕು.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಹಸಿವು ಉಂಟು, ಆದರೂ ಊಟ ಸಿಕ್ಕಿಕೊಳ್ಳುತ್ತದೆ, ಹೇಗೆ? ಬ್ಯಾಂಡ್ ಕೆಲಸ ಮಾಡುವುದು ಚೆನ್ನಾಗಿ ಅಗಿದ ಗಟ್ಟಿ ಆಹಾರದ ಮೇಲೆ. ಒಂದೊಂದು ತುತ್ತನ್ನೂ ಅನ್ನನಾಳ ಹಲವು ಸಲ ಹಿಂಡಿ ಬ್ಯಾಂಡ್ ದಾಟಿಸಬೇಕು. ಆ ಒತ್ತಡಕ್ಕೇ ನರಗಳು ಸಾಕು ಅನ್ನುವುದು. ಪಾಯಸ, ಐಸ್‌ಕ್ರೀಂ, ನೆನೆದ ಬಿಸ್ಕೆಟ್ ಹಾಗೇ ಜಾರಿ ಹೋಗುತ್ತದೆ, ಸಾಕು ಅನ್ನುವ ಸುದ್ದಿ ಮೇಲೆ ಹೋಗುವುದೇ ಇಲ್ಲ. ಬ್ಯಾಂಡ್ ಜಾಸ್ತಿ ಬಿಗಿ ಆದವರು ಗಟ್ಟಿ ಊಟ ಬಿಡ್ತಾರೆ, ಜಾರುವ ಸಿಹಿ ಹಿಡೀತಾರೆ, ಹಸಿವೂ ಉಳೀತದೆ, ತೂಕವೂ ಏರ್ತದೆ. ತೂಕ ಏರಿತು ಅಂತ ಇನ್ನೂ ಬಿಗಿ ಮಾಡಿದರೆ ಅದೇ ಸುತ್ತು ಜೋರಾಗ್ತದೆ.

ಇನ್ನೊಂದು ಅನುಮಾನ ನನಗೆ. ಹೊಸದಾಗಿ ರಾತ್ರಿ ಕೆಮ್ಮು ಶುರುವಾದರೆ ಬ್ಯಾಂಡ್ ಜಾರಿರಬಹುದು, ಇಲ್ಲ ಅದರ ಮೇಲಿನ ಸಣ್ಣ ಚೀಲ ಹಿಗ್ಗಿರಬಹುದು. ಅದು ತೂಕದ ಮೆಷಿನ್ನಿನಲ್ಲಿ ಕಾಣುವುದಿಲ್ಲ. ಫಿಲ್ ಮಾತು ಬದಿಗಿಟ್ಟು ಮೊದಲು ಬೇರಿಯಂ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ನುಂಗಿಸಿ ಎಕ್ಸ್‌ರೇ ತೆಗೆಸಲು ಕೇಳಿ.

ಶೈಲಜಾ_ಎಚ್ಚೆನ್

ಇಷ್ಟು ಬಿಡಿಸಿ ನಮ್ಮ ಡಾಕ್ಟರೂ ಹೇಳಿರಲಿಲ್ಲ. ಥ್ಯಾಂಕ್ಸ್ ಸಿಸ್ಟರ್.

ಹುಬ್ಬಳ್ಳಿ_ಕಾಕಾ

ತಂಗೀ, ಸಿಟ್ಟ ಮಾಡ್ಕೋಬ್ಯಾಡ. ಈ ಬ್ಯಾಂಡ್, ಸೂಜಿ, ಎಕ್ಸ್‌ರೇ ಎಲ್ಲಾ ಯಾಕ ಬೇಕ್ರಿ? ಎರಡ ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಮುಂಜಾನೆ ಎದ್ದು ಐದ ಕಿಲೋಮೀಟರ್ ನಡಿಗಿ. ಮನಸ್ಸು ಗಟ್ಟಿ ಇದ್ರ ಎಲ್ಲಾ ಆಗ್ತದ.

ಮಲ್ಲೇಶ್ವರಂ_ವಿನಯ್

ಕಾಕಾ, ಗೌರವದಿಂದಲೇ ಹೇಳ್ತೀನಿ, ಈ ಮಾತು ಇಲ್ಲಿ ಬೇಡ. 114 ಕೆಜಿ ತಲುಪೋ ಹೊತ್ತಿಗೆ ಮನುಷ್ಯ ನಡಿಗೆ, ಪಥ್ಯ, ಉಪವಾಸ ಎಲ್ಲ ನೋಡಿ ಮುಗಿಸಿರ್ತಾನೆ. ಮೈ ಒಮ್ಮೆ ಆ ತೂಕಕ್ಕೆ ಒಗ್ಗಿತು ಅಂದ್ರೆ ಇಳಿಸಿದ ಕೂಡ್ಲೇ ಹಸಿವಿನ ಹಾರ್ಮೋನ್ ಏರುತ್ತೆ, ಖರ್ಚಾಗೋ ಶಕ್ತಿ ಕಮ್ಮಿಯಾಗುತ್ತೆ. ಇದು ಮನಸ್ಸು ಗಟ್ಟಿ ಇದೆಯೋ ಇಲ್ವೋ ಅನ್ನೋ ಪ್ರಶ್ನೆನೇ ಅಲ್ಲ. ಅದೂ ಅಲ್ದೆ ಅವರಿಗೆ ಚಪಾತಿನೇ ಇಳೀತಿಲ್ಲ, ನೀವು ಜೋಳದ ರೊಟ್ಟಿ ಹೇಳ್ತಿದೀರಿ.

ಬ್ಯಾಂಡ್ ಏನು ಮಾಡಿತು ಅನ್ನೋದಕ್ಕೆ ದಾಖಲೆ ಇದೆ. ಓಬ್ರಿಯನ್, ಡಿಕ್ಸನ್ ಅವರ ಮೆಲ್ಬರ್ನ್ ತಂಡನೇ 2008ರಲ್ಲಿ ಪ್ರಕಟಿಸಿದ್ದು. ಹೊಸದಾಗಿ ಟೈಪ್ 2 ಡಯಾಬಿಟಿಸ್ ಬಂದ 60 ಜನರನ್ನ ಎರಡು ಗುಂಪು ಮಾಡಿದ್ರು. ಎರಡು ವರ್ಷದ ಮೇಲೆ ನೋಡಿದ್ರೆ ಬ್ಯಾಂಡ್ ಹಾಕಿಸ್ಕೊಂಡವರಲ್ಲಿ 73% ಜನರಿಗೆ ಶುಗರ್ ಹತೋಟಿಗೆ ಬಂದು ರೋಗವೇ ಹಿಂದೆ ಸರಿದಿತ್ತು. ಬರೀ ಪಥ್ಯ, ಔಷಧಿಯವರಲ್ಲಿ 13%. ಕಾವೇರಿಯವರ ಮಾತ್ರೆ ನಿಂತಿದ್ದೂ ಅದೇ ರೀತಿ.

ಹುಬ್ಬಳ್ಳಿ_ಕಾಕಾ

ಹಂಗಂದ್ರ ಸರಿ ಬಿಡ್ರಿ. ನಮ್ಮ ಮನ್ಯಾಗೂ ಶುಗರ್ ಅದ, ಅದಕ್ಕ ಹೇಳಿದೆ. ಆ ತಂಗಿಗೆ ಆರಾಮ ಆದ್ರ ಸಾಕು.

ಗೌಡ್ರ_ಮಗಳು_ಮಂಡ್ಯ

ಅದೆಲ್ಲ ಇರ್ಲಿ, ಮುದ್ದೆ ಹೆಂಗೆ ತಿಂತೀರ ಅಕ್ಕ? ಹಾಸನದೋರು ಮುದ್ದೆ ಬಿಟ್ಟು ಇರಕ್ಕಾಗುತ್ತಾ?

ಹಾಸನದ_ಕಾವೇರಿ (ಮೆಲ್ಬರ್ನ್)

ಮುದ್ದೆ ಬಿಟ್ಟು ವರ್ಷಗಳಾದವು ಕಣೆ. ಮುದ್ದೇನ ಯಾರೂ ಅಗಿಯಲ್ಲ, ಸಾರಲ್ಲಿ ಹೊರಳಿಸಿ ನುಂಗೋದು. ಬ್ಯಾಂಡ್ ಇರೋರು ಹಾಗೆ ನುಂಗಿದ್ರೆ ಆ ತುತ್ತು ಮೇಲೇ ಕೂತ್ಕೊಳ್ಳುತ್ತೆ. ಊರಿಗೆ ಹೋದಾಗ ಅತ್ತೆ ಸೊಪ್ಪಿನ ಸಾರು ಮಾಡಿ ಮುದ್ದೆ ಇಟ್ರೆ ನಾನು ಸಾರಿಗೇ ಕಿವುಚಿ ಚಮಚದಲ್ಲಿ ತಿನ್ನೋದು. ಅವರಿಗೆ ಅದು ನೋಡಕ್ಕಾಗಲ್ಲ. ಇಲ್ಲಿ ಮನೇಲಿ ರಾಗಿ ಅಂಬಲಿ ಮಾಡ್ಕೊಳ್ತೀನಿ.

ಕುಡ್ಲದ_ಸಿಸ್ಟರ್ (ಬರ್ಮಿಂಗ್‌ಹ್ಯಾಮ್)

ಅಂಬಲಿ ಒಳ್ಳೆಯದೇ, ಆದರೆ ಅದೂ ನೀರಿನ ಹಾಗೆ ದಾಟುವ ಪೈಕಿ. ಹನ್ನೊಂದಕ್ಕೆ ಹಸಿವಾಗುವುದಕ್ಕೆ ಅದೂ ಒಂದು ಕಾರಣ ಇರಬಹುದು. ಬೆಳಿಗ್ಗೆ ಏನು ತಿನ್ತೀರಿ?

ಹಾಸನದ_ಕಾವೇರಿ (ಮೆಲ್ಬರ್ನ್)

ಬೆಳಿಗ್ಗೆ ಅಂಬಲಿ ಇಲ್ಲಾಂದ್ರೆ ಕಾಫಿ ಬಿಸ್ಕೆಟ್. ಬೆಳಿಗ್ಗೆ ಹೊತ್ತು ಗಟ್ಟಿ ಏನೂ ಇಳಿಯಲ್ಲ ಸಿಸ್ಟರ್, ಸಂಜೆ ಹೊತ್ತಿಗೆ ಸ್ವಲ್ಪ ಪರವಾಗಿಲ್ಲ.

ಕುಡ್ಲದ_ಸಿಸ್ಟರ್ (ಬರ್ಮಿಂಗ್‌ಹ್ಯಾಮ್)

ಬೆಳಿಗ್ಗೆ ಬಿಗಿ ಇರುವುದು ತುಂಬ ಜನರಿಗೆ ಉಂಟು. ಆದರೆ ಬೆಳಿಗ್ಗೆ ಕುಡಿದದ್ದಕ್ಕೇ ಹಸಿವು, ಮಧ್ಯಾಹ್ನ ತಿಂದದ್ದು ವಾಪಸ್, ರಾತ್ರಿ ಕೆಮ್ಮು. ಇದರಲ್ಲಿ ಸಡಿಲ ಅನ್ನಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಪದೇ ಪದೇ ವಾಂತಿ ಆಗುವವರು ಥಯಾಮಿನ್, ಅಂದರೆ ಬಿ1 ಬಗ್ಗೆ ಕೇಳಲೇಬೇಕು. ಅದು ತೀರಾ ಕಮ್ಮಿಯಾದರೆ ನರಗಳಿಗೆ ಪೆಟ್ಟು. ಕಾಲು ಜೋಮು, ನಡೆಯುವಾಗ ತೂರಾಡುವುದು, ಕಣ್ಣು ಮಂಜಾಗುವುದು ಇದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶಾಂತ_ಶಿರಸಿ

ಬ್ಯಾಂಡ್ ಅಂದ್ರೆ ಸೊಂಟಕ್ಕೆ ಹಾಕೋ ಬೆಲ್ಟ್ ಅಂದ್ಕೊಂಡಿದ್ದೆ ಇಷ್ಟು ಹೊತ್ತು. ಹೊಟ್ಟೆ ಒಳಗಾ?

ಹಾಸನದ_ಕಾವೇರಿ (ಮೆಲ್ಬರ್ನ್)

ಒಳಗೇ. ಜಠರದ ಮೇಲ್ತುದಿಗೆ ಸಿಲಿಕೋನ್ ಉಂಗುರ ಹಾಕಿರ್ತಾರೆ. ಅದರ ಒಳಮೈ ಸೈಕಲ್ ಟ್ಯೂಬಿನ ಥರ ಉಬ್ಬುತ್ತೆ. ಅಲ್ಲಿಂದ ಸಣ್ಣ ನಳಿಕೆ ಬಂದು ಚರ್ಮದ ಕೆಳಗೆ ಒಂದು ಪೋರ್ಟ್‌ಗೆ ಸೇರುತ್ತೆ. ನಂದು ಎಡಗಡೆ ಪಕ್ಕೆಲುಬಿನ ಕೆಳಗಿದೆ, ಬೆರಳಿಟ್ರೆ ದೊಡ್ಡ ಗುಂಡಿಯಷ್ಟು ಗಟ್ಟಿಯಾಗಿ ಸಿಗುತ್ತೆ.

ಫಿಲ್ ಮಾಡೋವಾಗ ಮಂಚದ ಮೇಲೆ ಅಂಗಾತ ಮಲಗಿಸಿ, ತಲೆ ಸ್ವಲ್ಪ ಎತ್ತು ಅಂತಾರೆ, ಹೊಟ್ಟೆ ಬಿಗಿಯಾದಾಗ ಪೋರ್ಟ್ ಮೇಲೆ ಬರುತ್ತೆ. ಎರಡು ಬೆರಳಲ್ಲಿ ಅದನ್ನ ಅಲುಗದ ಹಾಗೆ ಹಿಡಿದು ಸೂಜಿ ನೇರವಾಗಿ ಇಳಿಸ್ತಾರೆ. ತಳಕ್ಕೆ ತಾಗಿದಾಗ ಟಕ್ ಅಂತ ಗೊತ್ತಾಗುತ್ತೆ. ಒಳಗಿರೋ ಸಲೈನ್ ಎಲ್ಲ ಸಿರಿಂಜಿಗೆ ಎಳೆದು ಎಷ್ಟಿದೆ ಅಂತ ಅಳೆದು, ಬೇಕಾದಷ್ಟು ಸೇರಿಸಿ ವಾಪಸ್ ಬಿಡ್ತಾರೆ. ಎದ್ದು ಕೂರಿಸಿ ಒಂದು ಲೋಟ ನೀರು ಕುಡಿಸ್ತಾರೆ. ನೀರು ಇಳಿದ್ರೆ ಮನೆಗೆ, ಇಳೀಲಿಲ್ಲ ಅಂದ್ರೆ ಅಲ್ಲೇ ಮತ್ತೆ ತೆಗೀತಾರೆ. ನೋವು ರಕ್ತ ಕೊಡೋವಾಗಿನಷ್ಟೇ.

ಪ್ರಶಾಂತ_ಶಿರಸಿ

ಓಹ್. ಇದನ್ನ ಆಸ್ಟ್ರೇಲಿಯಾದವರೇ ಕಂಡುಹಿಡಿದಿದ್ದಾ?

ಮಲ್ಲೇಶ್ವರಂ_ವಿನಯ್

ಅಲ್ಲ. ಬೇಕಾದಾಗ ಬಿಗಿ, ಸಡಿಲ ಮಾಡೋ ಸಿಲಿಕೋನ್ ಬ್ಯಾಂಡ್ ತಂದವರು ಅಮೆರಿಕದ ಸರ್ಜನ್ ಲುಬೊಮಿರ್ ಕುಜ್ಮಕ್, 1986ರಲ್ಲಿ. ಉಕ್ರೇನಿಯನ್ ಮೂಲದವರು. ಆಗ ಹೊಟ್ಟೆ ಪೂರ್ತಿ ತೆರೆದು ಹಾಕಬೇಕಿತ್ತು. ಸಣ್ಣ ರಂಧ್ರ ಮಾಡಿ ಕ್ಯಾಮೆರಾದಲ್ಲಿ ನೋಡ್ತಾ ಹಾಕೋ ವಿಧಾನ ಬೆಲ್ಜಿಯಂನ ಮಿಟಿಕು ಬೆಲಾಚ್ಯೂ 1993ರಲ್ಲಿ ಶುರು ಮಾಡಿದ್ರು. ಇಥಿಯೋಪಿಯಾದ ಹಳ್ಳಿಯಿಂದ ಬಂದ ಮನುಷ್ಯ. ಅಮೆರಿಕದಲ್ಲಿ ಲ್ಯಾಪ್‌ಬ್ಯಾಂಡ್ ಅನ್ನೋ ಬ್ರ್ಯಾಂಡ್‌ಗೆ ಎಫ್‌ಡಿಎ (ಔಷಧಿ, ಸಾಧನಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ) ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ. ಆಸ್ಟ್ರೇಲಿಯಾದಲ್ಲಿ ಅಷ್ಟರೊಳಗೆ ಬ್ಯಾಂಡ್ ಜೋರಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ. ನಂಗೂ ಬೆಂಗಳೂರಲ್ಲಿ ಬ್ಯಾಂಡ್ ಹಾಕಿದ್ರು, ಅದು ಆಗ ಹೊಸತು. ಕೆಲವು ವರ್ಷ ಚೆನ್ನಾಗಿತ್ತು. ಆಮೇಲೆ ಹಾಕಿದ ಡಾಕ್ಟರು ವಿದೇಶಕ್ಕೆ ಹೋದ್ರು. ಫಿಲ್ ಮಾಡೋರನ್ನ ಹುಡುಕೋದೇ ದೊಡ್ಡ ಕೆಲಸ ಆಯ್ತು. ಒಂದು ಕಡೆ ಹೋದ್ರೆ ಮಾಮೂಲಿ ಇಂಜೆಕ್ಷನ್ ಸೂಜಿ ತಂದ್ರು, ನಾನು ಬೇಡ ಅಂತ ಎದ್ದು ಬಂದೆ. ಪೋರ್ಟ್‌ಗೆ ಹ್ಯೂಬರ್ ಸೂಜಿನೇ ಬೇಕು. ಮಾಮೂಲಿ ಸೂಜಿ ಸಿಲಿಕೋನ್‌ನ ಚೂರು ಕೊರೆದು ತೆಗೆದುಬಿಡುತ್ತೆ, ಆಮೇಲೆ ಪೋರ್ಟ್ ಸೋರೋದೇ. ಕೊನೆಗೆ ಬ್ಯಾಂಡ್ ತೆಗೆಸಿ, ಕೆಲವು ತಿಂಗಳು ಬಿಟ್ಟು ಸ್ಲೀವ್ (ಜಠರ ಕತ್ತರಿಸಿ ಚಿಕ್ಕದು ಮಾಡೋ ಆಪರೇಶನ್) ಮಾಡಿಸ್ದೆ. ಈಗ ಆರಾಮ. ಕಾವೇರಿಯವರಿಗೂ ನನ್ನ ಸಲಹೆ ಅದೇ, ಫಿಲ್ಲೂ ಬೇಡ ಸಡಿಲನೂ ಬೇಡ, ತೆಗೆಸಿ ಸ್ಲೀವ್ ಮಾಡಿಸಿ. ಜಗತ್ತೆಲ್ಲ ಈಗ ಅದನ್ನೇ ಮಾಡ್ತಿರೋದು.

ಶೈಲಜಾ_ಎಚ್ಚೆನ್

ವಿನಯ್, ನಿಮಗೆ ಒಗ್ಗಿತು, ಒಪ್ಪಿದೆ. ಆದರೆ ಸ್ಲೀವ್ ಅಂದ್ರೆ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯೋದು. ಅದನ್ನ ವಾಪಸ್ ಹಾಕೋಕಾಗಲ್ಲ. ಮೇಲಾಗಿ ಇವರಿಗೆ ಹುಳಿತೇಗು, ಕೆಮ್ಮು ಇದೆ. ಸ್ಲೀವ್ ಆದ ಮೇಲೆ ಎದೆ ಉರಿ ಜಾಸ್ತಿಯಾದವರು ಎಷ್ಟು ಜನ ಇದ್ದಾರೆ, ನನ್ನ ತಂಗಿಯೇ ಒಬ್ಬಳು. ಹುಳಿ ಜೋರಿರೋರಿಗೆ ಗ್ಯಾಸ್ಟ್ರಿಕ್ ಬೈಪಾಸ್ (ಊಟ ಜಠರದ ಬಹುಭಾಗ ದಾಟಿ ಕರುಳಿಗೆ ಹೋಗೋ ಹಾಗೆ ಮಾಡೋ ಆಪರೇಶನ್) ಒಳ್ಳೇದು ಅಂತ ಅವಳ ಸರ್ಜನ್ ಆಮೇಲೆ ಹೇಳಿದ್ರು. ಬ್ಯಾಂಡ್ ಒಳಗೆ ಏನಾಗಿದೆ ಅಂತ ನೋಡೋ ಮೊದಲೇ ಇನ್ನೊಂದು ಆಪರೇಶನ್‌ಗೆ ಕಳಿಸ್ಬೇಡಿ.

ಮಲ್ಲೇಶ್ವರಂ_ವಿನಯ್

ಎದೆ ಉರಿಯ ಮಾತು ಸರಿ, ಅದನ್ನ ಸರ್ಜನ್ ಹತ್ರ ಕೇಳಲೇಬೇಕು. ಆದ್ರೂ ಬ್ಯಾಂಡ್ ಮೇಲೆ ನಂಗೆ ನಂಬಿಕೆ ಇಲ್ಲ.

ತುಮಕೂರು_ಸಂತು

ಇಲ್ಲಿ ಇಂಡಿಯಾದಲ್ಲಿ ಇನ್ಶೂರೆನ್ಸ್ ಕೊಡ್ತಾರಾ ಇದಕ್ಕೆಲ್ಲ? ನಮ್ಮಣ್ಣನಿಗೆ ಕೇಳ್ತಿದೀನಿ.

ಮಲ್ಲೇಶ್ವರಂ_ವಿನಯ್

ಐಆರ್‌ಡಿಎಐ (ಇನ್ಶೂರೆನ್ಸ್ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಾಕ್ಟರ್ ಸಲಹೆ ಮೇಲೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಜಾಸ್ತಿ ಇದ್ರೆ, ಇಲ್ಲಾಂದ್ರೆ 35ರ ಮೇಲಿದ್ದು ಹತೋಟಿಗೆ ಬರದ ಶುಗರ್, ಹೃದಯದ ತೊಂದ್ರೆ, ನಿದ್ರೆಲಿ ಉಸಿರು ಕಟ್ಟೋದು ಇಂಥವು ಇದ್ರೆ ಪರಿಗಣಿಸ್ತಾರೆ. ವಯಸ್ಸು 18 ದಾಟಿರ್ಬೇಕು. ಪಾಲಿಸಿಯ ವೇಟಿಂಗ್ ಪೀರಿಯಡ್ ನೋಡ್ಕೊಳ್ಳಿ. ಜಾಸ್ತಿ ಬೇಕಿದ್ರೆ ಬೇರೆ ಪೋಸ್ಟ್ ಹಾಕಿ, ಇಲ್ಲಿ ಕಾವೇರಿಯವರ ವಿಷಯ ತಪ್ಪಿ ಹೋಗುತ್ತೆ.

ಬೆಳಗೊಳ_ರವಿ

ಇಷ್ಟೆಲ್ಲ ಯಾಕೆ, ಈಗ ತೂಕ ಇಳಿಸೋ ಔಷಧಿ ಮೌಂಜಾರೊ ಬಂದಿದೆಯಲ್ಲ. ವಾರಕ್ಕೊಂದು ಇಂಜೆಕ್ಷನ್. ಭಾರತದಲ್ಲೂ 2025ರ ಮಾರ್ಚಿಂದ ಸಿಗ್ತಿದೆ. ಬ್ಯಾಂಡ್ ಇದ್ದ ಹಾಗೇ ಇರ್ಲಿ, ಇದನ್ನ ಶುರು ಮಾಡಿ.

ಕುಡ್ಲದ_ಸಿಸ್ಟರ್ (ಬರ್ಮಿಂಗ್‌ಹ್ಯಾಮ್)

ಬ್ಯಾಂಡ್ ಇರುವವರೂ ಈ ಇಂಜೆಕ್ಷನ್ ತಗೊಳ್ತಾರೆ, ತಪ್ಪಿಲ್ಲ. ಆದರೆ ಸರ್ಜನ್‌ಗೆ ಹೇಳದೆ ಬೇಡ, ಬಿಗಿಯಾದ ಬ್ಯಾಂಡ್ ಇಟ್ಟುಕೊಂಡು ಖಂಡಿತ ಬೇಡ. ಅದರ ಮೊದಲ ತೊಂದರೆಯೇ ವಾಕರಿಕೆ, ವಾಂತಿ. ಬ್ಯಾಂಡ್ ಜಾರಲು ಪದೇ ಪದೇ ವಾಂತಿಗಿಂತ ಬೇರೆ ಕಾರಣ ಬೇಡ.

ಸುಮಾ_ಡಲ್ಲಾಸ್

ನಂದೂ ಬ್ಯಾಂಡ್. ಬಸುರಿ ಆದಾಗ ವಾಂತಿ ಶುರುವಾಗಿ ಎಲ್ಲ ಸಲೈನ್ ತೆಗೆಸಿದ್ದೆ, ಮಗು ಹುಟ್ಟಿ ಹಾಲು ಕುಡಿಸೋದು ಒಂದು ಹದಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಹಾಕಿಸಿದೆ. ತೆಗೆಸೋದು ಅಂದ್ರೆ ಸೋತ ಹಾಗಲ್ಲ ಕಾವೇರಿ. ಬೇಕಾದಾಗ ಸಡಿಲ ಮಾಡೋಕೆ ಬರುತ್ತೆ ಅಂತಲೇ ನಾನು ಬ್ಯಾಂಡ್ ಆರಿಸ್ಕೊಂಡಿದ್ದು.

ಹಾಸನದ_ಕಾವೇರಿ (ಮೆಲ್ಬರ್ನ್)

ಎಲ್ಲರಿಗೂ ಥ್ಯಾಂಕ್ಸ್. ಕ್ಲಿನಿಕ್‌ಗೆ ಫೋನ್ ಮಾಡಿ ಕೆಮ್ಮಿನ ವಿಷಯ ಬಿಡಿಸಿ ಹೇಳ್ದೆ. ಆ ನರ್ಸ್ ತಕ್ಷಣ "ಹಾಗಾದ್ರೆ ಫಿಲ್ ಬೇಡ, ಸರ್ಜನ್‌ನೇ ನೋಡಿ" ಅಂದ್ರು. ಚೆಕಪ್‌ನಲ್ಲಿ ತೂಕ, ಹಸಿವು ಎರಡೇ ಕೇಳಿದ್ರು, ರಾತ್ರಿ ಹೇಗಿರುತ್ತೆ ಅಂತ ಯಾರೂ ಕೇಳಿರ್ಲಿಲ್ಲ. ಬೇರಿಯಂ ಟೆಸ್ಟ್‌ಗೆ ದಿನ ಸಿಕ್ಕಿದೆ, ಆದ ಮೇಲೆ ಇಲ್ಲಿ ಬರೀತೀನಿ.

ಗೌಡ್ರ_ಮಗಳು_ಮಂಡ್ಯ

ಒಳ್ಳೇದಾಗ್ಲಿ ಅಕ್ಕ. ಬರೀರಿ ಮರೀದೆ.

ಹಾಸನದ_ಕಾವೇರಿ (ಮೆಲ್ಬರ್ನ್)

ಟೆಸ್ಟ್ ಆಯ್ತು. ಸುಣ್ಣದ ತಿಳಿ ಥರ ಬಿಳೀ ದ್ರವ ಕೈಗೆ ಕೊಟ್ಟು, ನಿಂತ್ಕೊಂಡು ಗುಟುಕು ಗುಟುಕಾಗಿ ಕುಡಿಸಿದ್ರು. ಪರದೆ ಮೇಲೆ ನಂಗೂ ಕಾಣ್ತಿತ್ತು. ದ್ರವ ಬ್ಯಾಂಡ್ ಮೇಲೆ ಬಂದು ನಿಂತು, ಅಗಲವಾಗಿ ಹರಡಿ, ದಾರದಷ್ಟು ಸಣ್ಣಗೆ ಕೆಳಗಿಳೀತು. ಸ್ವಲ್ಪ ಹೊತ್ತಿಗೆ ಒಂದು ಪಾಲು ಅನ್ನನಾಳಕ್ಕೇ ವಾಪಸ್ ಹತ್ತಿತು. ಬ್ಯಾಂಡ್ ಜಾಗ ಬಿಟ್ಟು ಜಾರಿಲ್ಲ, ಮೇಲಿನ ಚೀಲ ಹಿಗ್ಗಿದೆ ಅಂದ್ರು ಸರ್ಜನ್. ಅವತ್ತೇ ಇದ್ದ 6.5 ಎಂಎಲ್ ಪೂರ್ತಿ ತೆಗೆದ್ರು. ಆರು ವಾರ ಬಿಟ್ಟು ಮತ್ತೆ ಬೇರಿಯಂ. ಚೀಲ ಕುಗ್ಗಿದ್ರೆ ನಿಧಾನಕ್ಕೆ ಸ್ವಲ್ಪ ಸ್ವಲ್ಪ ಹಾಕೋದು, ಕುಗ್ಗದೇ ಇದ್ರೆ ಬ್ಯಾಂಡ್ ತೆಗೆದು ಬೇರೆ ದಾರಿ ಮಾತಾಡೋದು.

ಕೆಮ್ಮು ಅವತ್ತು ರಾತ್ರಿನೇ ನಿಲ್ತು. ನಮ್ಮೆಜಮಾನ್ರು ನಾನು ಉಸಿರಾಡ್ತಿದೀನಾ ಅಂತ ಎದ್ದು ನೋಡಿದ್ರಂತೆ.

ಬೆಳಗೊಳ_ರವಿ

ಪೂರ್ತಿ ಖಾಲಿ ಅಂದ್ರೆ ತೂಕ ಏರಲ್ವಾ ಮೇಡಂ?

ಹಾಸನದ_ಕಾವೇರಿ (ಮೆಲ್ಬರ್ನ್)

ಏರಬಹುದು ಅಂತ ಸರ್ಜನ್ನೇ ಹೇಳಿದ್ರು. ಹಸಿವು ಜೋರಾಗೇ ಇದೆ. ಆದ್ರೆ ಈಗ ಮೊಟ್ಟೆ ಇಳಿಯುತ್ತೆ, ಹುರಿದ ಕೋಳಿ ಇಳಿಯುತ್ತೆ, ಹುರುಳಿಕಾಯಿ ಪಲ್ಯ ಅಗಿದು ತಿನ್ನಬಹುದು. ಬೆಳಿಗ್ಗೆ ಎರಡು ಮೊಟ್ಟೆ ತಿಂದ್ರೆ ಒಂದು ಗಂಟೆವರೆಗೂ ಬಿಸ್ಕೆಟ್ ಡಬ್ಬ ನೆನಪಾಗಲ್ಲ. ಎರಡು ಕೆಜಿ ಏರಿದ್ರೆ ಏರಲಿ ರವಿಯವರೇ, ರಾತ್ರಿ ಉಸಿರುಗಟ್ಟಿ ಏಳೋದು ನಂಗೆ ಬೇಡ.

ಬೆಳಗೊಳ_ರವಿ

ಸರಿ ಮೇಡಂ, ಅದೂ ನಿಜ. ನಮ್ಮ ಭಾವನಿಗೂ ರಾತ್ರಿ ಕೆಮ್ಮು ಇದೆಯಾ ಅಂತ ಕೇಳ್ತೀನಿ.

ಸುಮಾ_ಡಲ್ಲಾಸ್

ಡಿಸೆಂಬರಲ್ಲಿ ನಾನು ಊರಿಗೆ ಹೊರಟಿದೀನಿ, ಶಿವಮೊಗ್ಗ. ಸಿಸ್ಟರ್, ವಿಮಾನದಲ್ಲಿ ಬ್ಯಾಂಡ್ ಬಿಗಿಯಾಗುತ್ತೆ ಅಂತಾರಲ್ಲ, ಹೌದಾ?

ಕುಡ್ಲದ_ಸಿಸ್ಟರ್ (ಬರ್ಮಿಂಗ್‌ಹ್ಯಾಮ್)

ಕೆಲವರಿಗೆ ಹಾಗೆ ಅನಿಸುತ್ತದೆ. ಹತ್ತುವ ಮೊದಲು, ವಿಮಾನದಲ್ಲಿ, ತೆಳುವಾದದ್ದು ಮೆತ್ತಗಿನದ್ದು ತಗೊಳ್ಳಿ, ನೀರು ಗುಟುಕು ಗುಟುಕಾಗಿ ಕುಡಿಯುತ್ತಾ ಇರಿ. ಹೊರಡುವ ಮುನ್ನಾ ದಿನ ಫಿಲ್ ಮಾಡಿಸಬೇಡಿ. ಒಂದು ಚೀಟಿಯಲ್ಲಿ ಬ್ಯಾಂಡ್ ಹೆಸರು, ಎಷ್ಟು ಎಂಎಲ್ ಹಿಡಿಯುವುದು, ಈಗ ಎಷ್ಟು ಉಂಟು, ಪೋರ್ಟ್ ಎಲ್ಲಿ, ಹ್ಯೂಬರ್ ಸೂಜಿಯೇ ಬಳಸಬೇಕು ಅಂತ ಬರೆಸಿ ಕ್ಲಿನಿಕ್ ಸೀಲ್ ಹಾಕಿಸಿಕೊಳ್ಳಿ. ಊರಲ್ಲಿ ನಿಮ್ಮ ಉಗುಳೇ ನುಂಗಲಾಗದಷ್ಟು ಬಿಗಿಯಾದರೆ, ಅಥವಾ ಜೋರು ಹೊಟ್ಟೆನೋವು ಬಂದರೆ ಮನೆಮದ್ದು ಅಂತ ಕೂರಬೇಡಿ, ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿ ಆ ಚೀಟಿ ತೋರಿಸಿ.

ಸುಮಾ_ಡಲ್ಲಾಸ್

ಚೀಟಿ ಮಾಡಿಸ್ತೀನಿ ಸಿಸ್ಟರ್. ಮದುವೆ ಊಟಗಳೂ ಇವೆ ಈ ಸಲ, ಪಂಕ್ತಿಲಿ ಪಕ್ಕದೋರ ವೇಗಕ್ಕೆ ತಿನ್ನೋಕಾಗಲ್ಲ ಅಂತ ಮೊದಲೇ ಬಡಿಸೋರಿಗೆ ಹೇಳಿಡ್ಬೇಕು.

ಶೈಲಜಾ_ಎಚ್ಚೆನ್

ಕೊನೇ ಪಂಕ್ತಿಲಿ ಕೂತ್ಕೊಳ್ಳಿ ಸುಮಾ, ಯಾರೂ ಎಬ್ಬಿಸಲ್ಲ. ಕಾವೇರಿ, ಎರಡನೇ ಬೇರಿಯಂ ಆದ ಮೇಲೂ ಬರೀರಿ. ನನ್ನ ತಂಗಿನೂ ಈ ಚರ್ಚೆ ಓದ್ತಿದಾಳೆ, ಬೈಪಾಸ್‌ಗೆ ಹೋಗ್ಬೇಕಾ ಅಂತ ಅವಳೂ ಯೋಚ್ನೆ ಮಾಡ್ತಿದಾಳೆ.